ಸೆಲ್ಲಿಗೆ ಬೇಗ ಶಕ್ತಿ ತುಂಬುವ ಬಗೆ

ಉಮ್ಮತ್ತೂರು ಎಂದೊಡನೆ, 16ನೆಯ ಶತಮಾನದ ಮೊದಲಲ್ಲಿ ಕೃಷ್ಣದೇವರಾಯನಿಗೆ ಇದಿರು ನಿಂತ ಪಾಳೆಯಗಾರರು ನಿಮಗೆ ನೆನಪಾಗಬಹುದು. ಆ ಊರಿನ ಹೊಲದಲ್ಲಿ ಕಳೆದುಹೋದ ನೇಗಿಲ ಗುಳವನ್ನು ಅರಸಲು ನೀವು ಲೋಹಶೋಧಕ ಹಿಡಿದು ಹೊರಟಿರೆನ್ನಿ. ಅರ್ಧ ಹೊಲ ಮುಗಿಯುವುದರೊಳಗೆ ಸೆಲ್ಲು ಸೋತರೆ? ಬೇಗ ತುಂಬುವ ಚಾರ್ಜರು ಕೊಂಡರಾಯಿತು ಎನ್ನುವಿರಿ. ಆದರೆ ವೇಗಕ್ಕೂ ಒಂದು ಲೆಕ್ಕವುಂಟು.

ಹಲವು ಲೋಹಶೋಧಕಗಳಿಗೆ ಪೆನ್ಸಿಲ್ ಸೆಲ್ಲುಗಳೇ ಸಾಕು. ನಿಕ್ಕಲ್-ಮೆಟಲ್ ಹೈಡ್ರೈಡ್ ಸೆಲ್ಲಿನ ಮೇಲೆ 2000 ಮಿಲಿ ಆಂಪಿಯರ್-ಗಂಟೆ ಎಂದಿದೆಯೆನ್ನೋಣ. 200 ಮಿಲಿ ಆಂಪಿಯರ್ ಕೊಡುವ ಚಾರ್ಜರಿಗೆ 10 ಗಂಟೆ ಸಾಲದು. ಒಂದಷ್ಟು ಶಕ್ತಿ ಶಾಖವಾಗಿ ಹೋಗುವುದರಿಂದ 14ರಿಂದ 16 ಗಂಟೆ ಬೇಕು. 1000 ಮಿಲಿ ಆಂಪಿಯರಿನದು ಸುಮಾರು ಎರಡೂವರೆ ಗಂಟೆಯಲ್ಲಿ ಮುಗಿಸುತ್ತದೆ.

ಅಪಾಯವಿರುವುದು ತುಂಬಿದ ಮೇಲೆ. ಆಮೇಲೆ ಹರಿದ ವಿದ್ಯುತ್ತೆಲ್ಲ ಶಾಖವಾಗಿ ಸೆಲ್ಲನ್ನು ಕೆಡಿಸುತ್ತದೆ. ವೇಗದ ಚಾರ್ಜರಿನಲ್ಲಿ ತುಂಬಿದ ಸೆಲ್ಲಿನ ವೋಲ್ಟೇಜು ಕೊಂಚ ಇಳಿಯುತ್ತದೆ. ಅದನ್ನು ಗುರುತಿಸಿ ತಾನೇ ನಿಲ್ಲುವ, ಒಂದೊಂದು ಸೆಲ್ಲನ್ನೂ ಬೇರೆಯಾಗಿ ನೋಡಿಕೊಳ್ಳುವ ಚಾರ್ಜರನ್ನೇ ಆರಿಸಿಕೊಳ್ಳಿ. ಬರಿಯ ಗಂಟೆ ಎಣಿಸಿ ನಿಲ್ಲುವುದು ಅರ್ಧ ತುಂಬಿದ ಸೆಲ್ಲನ್ನೂ ಬರಿದಾದುದೆಂದೇ ತಿಳಿಯುತ್ತದೆ. ಲಿಥಿಯಂ ಸೆಲ್ಲನ್ನಾಗಲಿ ಸಾಮಾನ್ಯ ಡ್ರೈ ಸೆಲ್ಲನ್ನಾಗಲಿ ಇದರಲ್ಲಿ ಇಡಬೇಡಿ, ಸೋರಬಹುದು, ಸಿಡಿಯಲೂಬಹುದು. ನಿಮ್ಮ ಟ್ರಾನ್ಸಿಸ್ಟರ್ ರೇಡಿಯೊದ ಸೆಲ್ಲಿಗೂ ಇದೇ ನಿಯಮ.

ಕೊನೆಗೊಂದು ಮಾತು. ಗುಳದ ಬದಲು ಹಳೆಯ ನಾಣ್ಯಗಳ ಗಡಿಗೆಯೇ ಸಿಕ್ಕರೆ ಮನೆಗೆ ಒಯ್ಯುವಂತಿಲ್ಲ. ನಮ್ಮ ರಾಜ್ಯದಲ್ಲಿ 1962ರ ನಿಧಿ ಕಾಯಿದೆಯುಂಟು, ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು. ಹಳೆಯ ಗುಡಿ, ಕೋಟೆಗಳ ಬಳಿ ಅಗೆಯಲೇಬೇಡಿ.