ಹಳೆಯ ಲೇತಿಗೆ ಗಣಕದ ಆಳ್ವಿಕೆ: ತಂತಿಜಾಲದ ದೋಷನಿರ್ಣಯ

ಕನ್ನಡದ ‘ಕಡೆ’ ಎಂಬ ಧಾತುವು ಮೊಸರನ್ನು ಮಥಿಸುವುದಕ್ಕೂ, ತಿರುಗುವ ವಸ್ತುವಿಗೆ ಉಳಿಯನ್ನು ಹಿಡಿದು ಅದನ್ನು ದುಂಡಾಗಿ ಮಾಡುವುದಕ್ಕೂ ಸಮಾನವಾಗಿ ಸಲ್ಲುವುದು. ಕಲ್ಯಾಣದ ಚಾಳುಕ್ಯರ ಕಾಲದ ದೇವಾಲಯಗಳಲ್ಲಿರುವ ನುಣುಪಾದ ಕಂಬಗಳನ್ನು ಕಡೆದ ಕಂಬಗಳೆನ್ನುವುದು ಈ ಎರಡನೆಯ ಅರ್ಥದಲ್ಲಿಯೇ. ಲೋಹವನ್ನು ಕಡೆಯುವ ಯಂತ್ರಕ್ಕೆ ಈಗ ಲೇತೆಂಬ ಹೆಸರು ರೂಢವಾಗಿದೆ. ೧೯೪೧ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯೂ, ೧೯೫೩ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನಲ್ಲಿ ಹುಟ್ಟಿದ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯೂ ಈ ಯಂತ್ರಗಳನ್ನು ನಮ್ಮ ನಾಡಿನಲ್ಲಿಯೇ ನಿರ್ಮಿಸಿದವು.

ಇಂತಹ ಯಂತ್ರದ ಎರಕದ ಮೈಯು ದಶಕಗಳು ಕಳೆದರೂ ದೃಢವಾಗಿರುವುದರಿಂದ, ಅದಕ್ಕೆ ಹೊಸ ಮೋಟರುಗಳನ್ನೂ ಗಣಕವನ್ನೂ ಜೋಡಿಸಿ ಕಾಲಕ್ಕೆ ಹೊಂದಿಸುವ ಯತ್ನವು ಸಹಜವಾದುದು. ಯಾದಗಿರಿ, ಶಹಾಪುರ, ಸುರಪುರಗಳಂತಹ ಊರುಗಳಲ್ಲಿ ಪಂಪು, ಟ್ರ್ಯಾಕ್ಟರುಗಳ ಬಿಡಿಭಾಗಗಳಿಗೆ ದೂರದ ನಗರವನ್ನು ಕಾಯದಿರಬೇಕಾದರೆ ಈ ಮಾರ್ಗವು ಅಗ್ಗವಾದುದೂ ಅಹುದು. ಆದರೆ ಇಲ್ಲಿ ತೊಡಕು ಹುಟ್ಟುವುದು ಬಹುಮಟ್ಟಿಗೆ ಉಕ್ಕಿನಲ್ಲಲ್ಲ, ತಂತಿಗಳಲ್ಲಿ. ಆ ತೊಡಕಿನ ಕಾರಣಗಳನ್ನು ಕ್ರಮವಾಗಿ ವಿವೇಚಿಸುವುದೇ ಈ ಲೇಖನದ ಉದ್ದೇಶ.

ಮೊದಲು ಅಂಗಗಳನ್ನು ಅರಿಯೋಣ. ಹಳೆಯ ಲೇತಿನಲ್ಲಿ ೪೧೫ ವೋಲ್ಟಿನ ಮೂರು ಫೇಸಿನ ಒಂದು ಮೋಟರು, ಅದನ್ನು ನಡೆಯಿಸುವ ಒಂದು ಸ್ಟಾರ್ಟರು, ಇಷ್ಟೇ ಮುಖ್ಯ. ಹೊಸ ಏರ್ಪಾಟಿನಲ್ಲಿ ಮುಖ್ಯ ಮೋಟರಿನ ವೇಗವನ್ನು ಬದಲಿಸುವ ಡ್ರೈವು, ಉಳಿಯನ್ನು ಎರಡು ದಿಕ್ಕುಗಳಲ್ಲಿ ಸರಿಸುವ ಎರಡು ಚಿಕ್ಕ ಮೋಟರುಗಳು, ಸುತ್ತುಗಳನ್ನು ಎಣಿಸುವ ಎನ್‌ಕೋಡರು, ಅಂಚನ್ನು ತಿಳಿಸುವ ಲಿಮಿಟ್ ಸ್ವಿಚ್ಚುಗಳು, ೨೪ ವೋಲ್ಟಿನ ನೇರವಿದ್ಯುತ್ತಿನ ಮೂಲ, ಇವೆಲ್ಲಕ್ಕೂ ಆಜ್ಞೆಯನ್ನೀಯುವ ಗಣಕ, ಇಷ್ಟು ಸೇರುವುವು. ಬಲವನ್ನು ಸಾಗಿಸುವ ತಂತಿಯೂ ಸುದ್ದಿಯನ್ನು ಸಾಗಿಸುವ ತಂತಿಯೂ ಒಂದೇ ಪೆಟ್ಟಿಗೆಯಲ್ಲಿ ನೆರೆಹೊರೆಯಾಗುವುದೇ ಅನರ್ಥಕ್ಕೆ ಮೂಲ.

ಒಂದು ಲಕ್ಷಣವನ್ನು ಪರಿಶೀಲಿಸೋಣ. ಮುಖ್ಯ ಮೋಟರು ನಿಂತಿರುವಾಗ ಎಲ್ಲವೂ ಸರಿಯಾಗಿರುವುದು. ಅದು ತಿರುಗಿದೊಡನೆ ಯಾರೂ ಮುಟ್ಟದ ಲಿಮಿಟ್ ಸ್ವಿಚ್ಚು ಮುಟ್ಟಿದಂತೆ ತೋರಿ ಯಂತ್ರವು ನಿಲ್ಲುವುದು. ಡ್ರೈವು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೂಡಿಸುವುದರಿಂದ ಅದರ ತಂತಿಯಿಂದ ಪಕ್ಕದ ತಂತಿಗೆ ಹುಸಿ ಮಿಡಿತಗಳು ಹಾಯುವುವು. ಎನ್‌ಕೋಡರಿನ ತಂತಿಗೆ ಇವು ತಗುಲಿದರೆ ಕೆಡುಕು ಇನ್ನೂ ಗೂಢವಾದುದು. ೧೦೨೪ ಗೆರೆಗಳ ಎನ್‌ಕೋಡರಿನಿಂದ ಸುತ್ತೊಂದಕ್ಕೆ ೪೦೯೬ ಎಣಿಕೆಗಳು ದೊರೆಯುವುವು. ೨ ಮಿಲಿಮೀಟರ್ ಅಂತರದ ಮರೆಯನ್ನು ಕಡೆಯುವಾಗ ೪೧ ಹುಸಿ ಎಣಿಕೆಗಳು ಬೆರೆತರೆ ಉಳಿಯು ೦.೦೨ ಮಿಲಿಮೀಟರಿನಷ್ಟು ತಪ್ಪುವುದು. ಯಂತ್ರವು ನಿಲ್ಲದು, ಎಚ್ಚರಿಕೆಯೂ ಬಾರದು; ನಟ್ಟು ಮಾತ್ರ ಕೂಡದು.

ಇದಕ್ಕೆ ಪರಿಹಾರಗಳಿವೆ. ಮೋಟರಿನ ತಂತಿಯನ್ನು ಲೋಹದ ಹೆಣಿಗೆಯುಳ್ಳ ಕೇಬಲ್ಲಿನಲ್ಲಿ ಸಾಗಿಸಿ, ಆ ಹೆಣಿಗೆಯನ್ನು ಡ್ರೈವಿನ ಕಡೆಯಲ್ಲಿಯೂ ಮೋಟರಿನ ಕಡೆಯಲ್ಲಿಯೂ ಲೋಹಕ್ಕೆ ಬಿಗಿಯಬೇಕು. ಸುದ್ದಿಯ ತಂತಿಗಳನ್ನು ಬೇರೆ ಹಾದಿಯಲ್ಲಿ ಒಯ್ಯಬೇಕು; ದಾಟಲೇಬೇಕಾದಲ್ಲಿ ಲಂಬವಾಗಿ ದಾಟಿಸಬೇಕು. ನೇರವಿದ್ಯುತ್ತಿನ ರಿಲೇ ಸುರುಳಿಗಳಿಗೆ ಡಯೋಡನ್ನು ಸೇರಿಸಬೇಕು. ಲಿಮಿಟ್ ಸ್ವಿಚ್ಚುಗಳನ್ನು ಸದಾ ಮುಚ್ಚಿರುವ ಬಗೆಯಲ್ಲಿ ಜೋಡಿಸಿದರೆ ತಂತಿಯು ಕಡಿದಾಗ ಯಂತ್ರವು ತಾನೇ ನಿಲ್ಲುವುದು. ತೆರೆದಿರುವ ಬಗೆಯಲ್ಲಾದರೆ ಕಡಿದುದು ಅಪಘಾತದವರೆಗೆ ತಿಳಿಯದು.

ಇನ್ನು ನೆಲದ ಸಂಬಂಧ. ‘ಅರ್ತಿಂಗ್ ಸರಿಯಿಲ್ಲ’ ಎಂಬ ಒಂದೇ ಮಾತಿನಲ್ಲಿ ಎರಡು ಭಿನ್ನ ವಿಷಯಗಳು ಅಡಗಿವೆ. ಹುಸಿ ಮಿಡಿತಗಳನ್ನು ತಡೆಯುವುದು ಮುಖ್ಯವಾಗಿ ಪೆಟ್ಟಿಗೆ, ಡ್ರೈವು, ಮೋಟರು, ಲೇತಿನ ಮೈ ಇವುಗಳ ಪರಸ್ಪರ ಬಂಧನವೇ ಹೊರತು ಹೊರಗಿನ ಗುಂಡಿಯಲ್ಲ. ಆ ಗುಂಡಿಯು ಮನುಷ್ಯನ ಪ್ರಾಣಕ್ಕೆ ಸಂಬಂಧಿಸಿದುದು. ಶಹಾಪುರ, ಸುರಪುರಗಳ ಸೀಮೆಯಲ್ಲಿ ಹೇರಳವಾಗಿರುವ ಎರೆಮಣ್ಣು ತೇವವಿದ್ದಾಗ ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದು. ಬೇಸಗೆಯಲ್ಲಿ ಒಣಗಿ ಬಿರುಕುಬಿಟ್ಟು ಲೋಹದ ಕೊಳವೆಯಿಂದ ದೂರ ಸರಿಯುವುದು. ಆಗ ನೆಲದ ರೋಧವು ೨೦ ಓಮಿಗೇರಿತೆನ್ನೋಣ. ೨೩೦ ವೋಲ್ಟಿನ ಫೇಸು ಲೇತಿನ ಮೈಗೆ ತಗುಲಿದರೆ ನೆಲದ ಮೂಲಕ ಹರಿಯುವುದು ಹೆಚ್ಚೆಂದರೆ ೧೧.೫ ಆಂಪಿಯರು. ೩೨ ಆಂಪಿಯರಿನ ಫ್ಯೂಸು ಇದರಿಂದ ಕರಗದು. ಯಂತ್ರದ ಮೈಯು ಜೀವಂತವಾಗಿಯೇ ಇರುವುದು. ಮಳೆಗಾಲದಲ್ಲಿ ಪರೀಕ್ಷಿಸಿ ತೃಪ್ತಿಪಟ್ಟವನು ವೈಶಾಖದಲ್ಲಿ ಮರಳಿ ಅಳೆಯದಿದ್ದರೆ ಮೋಸಹೋಗುವನು. ಆದಕಾರಣ ಕೊಳವೆಯು ಸದಾ ತೇವವಿರುವ ಆಳಕ್ಕೆ ಇಳಿಯಬೇಕು, ಬೇಸಗೆಯಲ್ಲಿ ನೀರೆರೆಯಬೇಕು, ಸೋರುವಿದ್ಯುತ್ತನ್ನು ಕಂಡೊಡನೆ ಕಡಿಯುವ ಬ್ರೇಕರು ಇರಬೇಕು. ಆ ಬ್ರೇಕರು ಡ್ರೈವಿಗೆ ತಕ್ಕ ಜಾತಿಯದಾಗಿರತಕ್ಕದ್ದು. ಇಲ್ಲವಾದರೆ ನಿಷ್ಕಾರಣವಾಗಿ ಬೀಳುವುದು, ಬೇಸತ್ತವರು ಅದನ್ನು ಕಿತ್ತೊಗೆಯುವರು.

ಹಳೆಯ ಸ್ಟಾರ್ಟರಿನಲ್ಲಿ ಒಂದು ಮೌನವಾದ ವಿವೇಕವಿತ್ತು. ಕರೆಂಟು ಹೋದರೆ ಅದರ ಸುರುಳಿಯು ಸಡಿಲಿ ಸಂಪರ್ಕವು ಬಿಡುವುದು. ಕರೆಂಟು ಮರಳಿದಾಗ, ಗುಂಡಿಯನ್ನೊತ್ತುವವರೆಗೆ ಮೋಟರು ತಿರುಗದು. ಹೊಸ ಜೋಡಣೆಯಲ್ಲಿ ಡ್ರೈವಿನ ಆಜ್ಞೆಯನ್ನು ಸಾಧಾರಣ ಸ್ವಿಚ್ಚಿಗೆ ಕೊಟ್ಟರೆ ಈ ಗುಣವು ನಾಶವಾಗಬಹುದು: ಕರೆಂಟು ಬಂದ ಕ್ಷಣವೇ ಚಕ್ಕು ತಿರುಗತೊಡಗುವುದು, ಆಗ ಕೆಲಸಗಾರನ ಕೈ ಅದರಲ್ಲಿಯೇ ಇರಬಹುದು. ಹಾಗೆಯೇ ತುರ್ತುನಿಲುಗಡೆಯ ಕೆಂಪು ಗುಂಡಿಯು ಗಣಕಕ್ಕೆ ವಿನಂತಿಯನ್ನು ಸಲ್ಲಿಸುವುದಾಗಬಾರದು; ಮೋಟರುಗಳ ಬಲವನ್ನು ಅದು ತಾನೇ ಕಡಿಯಬೇಕು, ಗಣಕಕ್ಕೆ ಸುದ್ದಿ ಮಾತ್ರ ಹೋಗಬೇಕು.

ದೋಷವನ್ನು ಹುಡುಕುವ ಕ್ರಮವು ಹೀಗಿರತಕ್ಕದ್ದು. ಮುಖ್ಯ ಸ್ವಿಚ್ಚನ್ನು ತೆಗೆದು ಬೀಗವಿಕ್ಕಿ, ಡ್ರೈವಿನ ಕೆಪಾಸಿಟರುಗಳು ಬರಿದಾಗಲು ಅದರ ಮೇಲೆ ಬರೆದಷ್ಟು ನಿಮಿಷ ಕಾದು, ಮೀಟರಿನಿಂದ ಖಚಿತಪಡಿಸಿಕೊಳ್ಳುವುದು ಮೊದಲನೆಯದು. ಪ್ರತಿಯೊಂದು ತಿರುಪನ್ನೂ ಎಳೆದುನೋಡುವುದು ಎರಡನೆಯದು. ಬಳಿಕ ೨೪ ವೋಲ್ಟಿನ ಮೂಲವೊಂದನ್ನೇ ಕೂಡಿಸಿ ಸ್ವಿಚ್ಚುಗಳನ್ನು ಒಂದೊಂದಾಗಿ ಕೈಯಿಂದೊತ್ತಿ ನೋಡಬೇಕು; ಅನಂತರ ಚಿಕ್ಕ ಮೋಟರುಗಳು; ಕಡೆಯಲ್ಲಿ ಮುಖ್ಯ ಡ್ರೈವು. ಒಂದು ಸಲಕ್ಕೆ ಒಂದನ್ನೇ ಬದಲಿಸತಕ್ಕದ್ದು. ಎರಡನ್ನು ಬದಲಿಸಿ ದೋಷವು ಹೋದರೆ ರೋಗವು ಹೋದೀತು, ನಿದಾನವು ದೊರೆಯದು. ಚಿಕ್ಕ ಮೋಟರಿನ ತಂತಿಯನ್ನು ಕರೆಂಟಿರುವಾಗ ಕಳಚಿದರೆ ಅದರ ಡ್ರೈವು ಸುಟ್ಟುಹೋಗಬಹುದೆಂಬುದನ್ನು ಮರೆಯಲಾಗದು.

ಪಾಠಾಂತರಗಳನ್ನು ಕೂಡಿಸಿ ನೋಡುವ ವಿದ್ವಾಂಸರಿಗೆ ಈ ಕ್ರಮವು ಅಪರಿಚಿತವಲ್ಲ: ಪ್ರತಿಯು ಎಲ್ಲಿ ಕೆಟ್ಟಿತೆಂಬುದನ್ನು ಊಹಿಸುವ ಮುನ್ನ ಅದು ಎಲ್ಲಿಯವರೆಗೆ ಸರಿಯಾಗಿದೆಯೆಂಬುದನ್ನು ಗೊತ್ತುಮಾಡಬೇಕು. ತಂತಿಗಳಿಗೆ ಅಂಕೆಯಿಟ್ಟು, ಜೋಡಣೆಯ ನಕ್ಷೆಯೊಂದನ್ನು ತಿಳಿಗನ್ನಡದಲ್ಲಿ ಬರೆದು ಪೆಟ್ಟಿಗೆಯ ಬಾಗಿಲೊಳಗೆ ಅಂಟಿಸಿದರೆ, ಮುಂದೆ ಆ ಯಂತ್ರದ ಮುಂದೆ ನಿಲ್ಲುವವನು ಕೈಯನ್ನು ಚಾಚುವ ಮೊದಲು ಓದಿ ತಿಳಿಯಬಲ್ಲನು.