ಬೆಳ್ಳಿಯಲ್ಲಿ ನಿಲ್ಲುವ ಬೆಳಕು

ಕಪ್ಪು-ಬಿಳುಪು ಫಿಲಂನಲ್ಲಿ ಚಿತ್ರ ತೆಗೆಯುವವರು ಕೆಂಪು ದಾಸವಾಳ ಮತ್ತು ಅದರ ಸುತ್ತಲಿನ ಹಸಿರೆಲೆಗಳಲ್ಲಿ ಯಾವುದು ಕಪ್ಪಾಗಿ, ಯಾವುದು ಬೆಳ್ಳಗೆ ಕಾಣಬೇಕೆಂಬುದನ್ನು ಶಟರ್ ಒತ್ತುವ ಮೊದಲೇ ತೀರ್ಮಾನಿಸಬೇಕಾಗುತ್ತದೆ. ಏಕೆಂದರೆ ಕಣ್ಣಿಗೆ ಅಷ್ಟು ಬೇರೆಬೇರೆಯಾಗಿ ತೋರುವ ಈ ಎರಡು ಬಣ್ಣಗಳು ಫಿಲಂನ ಮೇಲೆ ಬಹುತೇಕ ಒಂದೇ ಬಗೆಯ ಬೂದುಬಣ್ಣವಾಗಿ ಇಳಿಯುವುದುಂಟು. ಮಸೂರದ ಮುಂದೆ ಕೆಂಪು ಫಿಲ್ಟರ್ ಇಟ್ಟರೆ ಹೂವು ಬೆಳಗಿ ಎಲೆ ಕಪ್ಪಿಡುತ್ತದೆ, ಹಸಿರು ಫಿಲ್ಟರ್ ಇಟ್ಟರೆ ಇದು ತಿರುವುಮುರುವಾಗುತ್ತದೆ. ಫಿಲ್ಟರ್ ತನ್ನ ಬಣ್ಣದ ಬೆಳಕನ್ನು ಒಳಬಿಟ್ಟು ಉಳಿದದ್ದನ್ನು ತಡೆಯುವುದೇ ಇದಕ್ಕೆ ಕಾರಣ. ಡಿಜಿಟಲ್ ಕ್ಯಾಮೆರಾ ಬಣ್ಣಗಳನ್ನೆಲ್ಲ ದಾಖಲಿಸಿಟ್ಟುಕೊಂಡು, ಈ ತೀರ್ಮಾನವನ್ನು ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಎಷ್ಟು ಸಲ ಬೇಕಾದರೂ ಬದಲಿಸಲು ಬಿಡುತ್ತದೆ, ಫಿಲಂ ಬಿಡುವುದಿಲ್ಲ. ಕಪ್ಪು-ಬಿಳುಪು ಫಿಲಂನ ಸೆಳೆತ ಇಂದಿಗೂ ಕುಂದದಿರುವುದಕ್ಕೆ ಹಳೆಯದರ ಮೇಲಿನ ಮೋಹವೇ ಕಾರಣವೆಂಬ ಮಾತು ಆಗಾಗ ಕೇಳಿಬರುತ್ತದೆಯಾದರೂ, ಫಿಲಂ ರೋಲನ್ನೇ ಕಾಣದೆ ಬೆಳೆದ ತರುಣ ತಲೆಮಾರು ಅದರತ್ತ ಬರುತ್ತಿರುವುದನ್ನು ಆ ಮಾತು ವಿವರಿಸಲಾರದು. ಹಿಂದೆಗೆದುಕೊಳ್ಳಲಾಗದ ತೀರ್ಮಾನಗಳನ್ನು ಒಂದರ ಮೇಲೊಂದರಂತೆ ಕೈಗೊಳ್ಳುತ್ತ ಹೋಗಬೇಕಾದ ಕೆಲಸ ಇದು, ಮತ್ತು ಅದರ ಸೆಳೆತವಿರುವುದು ಈ ಹೊಣೆಯಲ್ಲಿಯೇ.

ಫಿಲಂ ಎಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ತೆಳುವಾಗಿ ಬಳಿದ ಜಿಲೆಟಿನ್ ಪದರ. ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಈ ಅಂಟಿನೊಳಗೆ ಬೆಳ್ಳಿಯು ಬ್ರೋಮಿನ್, ಅಯೋಡಿನ್‌ಗಳೊಡನೆ ಕೂಡಿ ಆದ ಸೂಕ್ಷ್ಮ ಹರಳುಗಳು ಹರಡಿಕೊಂಡಿರುತ್ತವೆ. ಶಟರ್ ತೆರೆದ ಕ್ಷಣದಲ್ಲಿ ಬೆಳಕು ತಾಗಿದ ಹರಳಿನೊಳಗೆ ಬೆರಳೆಣಿಕೆಯಷ್ಟು ಬೆಳ್ಳಿ ಪರಮಾಣುಗಳು ಮಾತ್ರ ಬಿಡಿಸಿಕೊಂಡು ಒಂದೆಡೆ ಸೇರುತ್ತವೆ, ಮತ್ತು ಕಣ್ಣಿಗೆ ಏನೇನೂ ಕಾಣದ ಈ ಸ್ಥಿತಿಯನ್ನು ಅವ್ಯಕ್ತ ಬಿಂಬ ಎಂದು ಕರೆಯಲಾಗುತ್ತದೆ. ಆಮೇಲೆ ಕತ್ತಲೆಯಲ್ಲಿ ಡೆವಲಪರ್ ಎಂಬ ದ್ರಾವಣಕ್ಕೆ ಫಿಲಂ ಅದ್ದಿದಾಗ, ಆ ಕೆಲವೇ ಪರಮಾಣುಗಳ ಸುಳಿವು ಹಿಡಿದು ಇಡೀ ಹರಳು ಕಪ್ಪು ಬೆಳ್ಳಿಯಾಗಿ ಮಾರ್ಪಡುತ್ತದೆ, ಬೆಳಕು ತಾಗದ ಹರಳುಗಳು ಹಾಗೆಯೇ ಉಳಿಯುತ್ತವೆ. ಉಳಿದ ಆ ಹರಳುಗಳನ್ನು ಕರಗಿಸಿ ತೆಗೆಯುವ ಹೈಪೊ, ಅಂದರೆ ಸೋಡಿಯಂ ಥಯೋಸಲ್ಫೇಟ್, ಬೆಳ್ಳಿಯ ಲವಣಗಳನ್ನು ಕರಗಿಸಬಲ್ಲುದೆಂದು ಜಾನ್ ಹರ್ಷೆಲ್ ಕಂಡುಕೊಂಡದ್ದು 1819ರಲ್ಲಿ, ಛಾಯಾಗ್ರಹಣ ಲೋಕಕ್ಕೆ ಪ್ರಕಟವಾಗುವುದಕ್ಕೂ ಇಪ್ಪತ್ತು ವರ್ಷ ಮೊದಲು. ಇಂದಿನ ಡಾರ್ಕ್‌ರೂಮುಗಳಲ್ಲಿಯೂ ಬಳಕೆಯಲ್ಲಿರುವುದು ಅದೇ ವಸ್ತು ಅಥವಾ ಅದರ ಹತ್ತಿರದ ಬಂಧು.

ಅವ್ಯಕ್ತ ಬಿಂಬ ಎಷ್ಟು ಕಾಲ ಕಾಯಬಲ್ಲುದೆಂಬುದಕ್ಕೆ ಒಂದು ಉದಾಹರಣೆಯನ್ನು ಇಲ್ಲಿ ಹೇಳಲೇಬೇಕು. 1897ರಲ್ಲಿ ಸ್ವೀಡನ್ನಿನ ಎಸ್. ಎ. ಆಂಡ್ರೆ ಮತ್ತು ಅವರ ಇಬ್ಬರು ಸಂಗಡಿಗರು ಬಲೂನಿನಲ್ಲಿ ಉತ್ತರ ಧ್ರುವದತ್ತ ಹೊರಟು, ನಡುವೆಯೇ ಹಿಮದ ಮೇಲೆ ಇಳಿಯಬೇಕಾಗಿ ಬಂದು, ತಿಂಗಳುಗಳ ಕಾಲ ನಡೆದು ಕ್ವಿಟೋಯಾ ಎಂಬ ದ್ವೀಪದಲ್ಲಿ ಪ್ರಾಣ ಬಿಟ್ಟರು. 1930ರಲ್ಲಿ ಅವರ ಶಿಬಿರ ಪತ್ತೆಯಾದಾಗ, ಮಂಜಿನಲ್ಲಿ ಹೂತು ನೆನೆದುಹೋಗಿದ್ದ ಫಿಲಂಗಳೂ ಸಿಕ್ಕವು; ಸ್ಟಾಕ್‌ಹೋಮಿನ ಜಾನ್ ಹರ್ಟ್ಸ್‌ಬರ್ಗ್ ಅವುಗಳನ್ನು ಬಹು ಜತನದಿಂದ ಸಂಸ್ಕರಿಸಿ, 93 ಚಿತ್ರಗಳನ್ನು ಉಳಿಸಿಕೊಂಡರು. ನೆಲಕ್ಕೆ ಒರಗಿದ ಬಲೂನನ್ನು ನೋಡುತ್ತ ನಿಂತ ಇಬ್ಬರ ಚಿತ್ರ ಅವುಗಳಲ್ಲೊಂದು. ಮೂವತ್ತಮೂರು ವರ್ಷ ಕಾಲ ಆ ನೋಟ ಕೆಲವು ಪರಮಾಣುಗಳ ಸ್ಥಾನಪಲ್ಲಟವಾಗಿ ಮಾತ್ರ ಅಸ್ತಿತ್ವದಲ್ಲಿತ್ತೆಂಬುದನ್ನು ನೆನೆದರೆ, ಫಿಲಂ ಎಂಬ ವಸ್ತುವಿನ ಬಗ್ಗೆ ಅದನ್ನು ಬಳಸುವವರಿಗಿರುವ ಗೌರವ ಅರ್ಥವಾಗುತ್ತದೆ.

ಮೊದಲ ಕಾಲದ ಫಿಲಂಗಳಿಗೆ ಕೆಂಪು ಕಾಣುತ್ತಿರಲಿಲ್ಲ, ನೀಲಿ ಅತಿಯಾಗಿ ಕಾಣುತ್ತಿತ್ತು. ಹಾಗಾಗಿ ಹಳೆಯ ಚಿತ್ರಗಳಲ್ಲಿ ತುಟಿಗಳು ಕಪ್ಪಗೆ, ಆಕಾಶ ಬರಿದಾಗಿ ಬೆಳ್ಳಗೆ ಇರುವುದನ್ನು ಕಾಣುತ್ತೇವೆ. 1873ರಲ್ಲಿ ಹರ್ಮನ್ ಫೋಗೆಲ್ ಬೆಳ್ಳಿಯ ಹರಳುಗಳಿಗೆ ವರ್ಣದ್ರವ್ಯ ಸೇರಿಸಿ ಅವುಗಳ ಗ್ರಹಣಶಕ್ತಿಯನ್ನು ಹಿಗ್ಗಿಸಬಹುದೆಂದು ತೋರಿಸಿದ ಮೇಲೆ, ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾಂಕ್ರೋಮ್ಯಾಟಿಕ್ ಫಲಕಗಳು ಬಂದವು. ಇದಾದ ನಂತರವೇ ಬೂದುಬಣ್ಣದ ಛಾಯೆಗಳನ್ನು ಬೇಕಾದಂತೆ ಹೊಂದಿಸುವ ವಿದ್ಯೆ ಬೆಳೆಯಿತು. ಅಮೆರಿಕದ ಆನ್ಸೆಲ್ ಆ್ಯಡಮ್ಸ್ ಅವರು ಫ್ರೆಡ್ ಆರ್ಚರ್ ಜೊತೆಗೂಡಿ 1940ರ ಆಸುಪಾಸಿನಲ್ಲಿ ರೂಪಿಸಿದ ಜೋನ್ ಪದ್ಧತಿ ಈ ವಿದ್ಯೆಯ ಅತ್ಯಂತ ಸ್ಪಷ್ಟ ನಿರೂಪಣೆ ಎನ್ನಬಹುದು. ಅಚ್ಚಕಪ್ಪನ್ನು ಸೊನ್ನೆಯೆಂದೂ ಕಾಗದದ ಬಿಳುಪನ್ನು ಹತ್ತೆಂದೂ ಇಟ್ಟುಕೊಂಡು ನಡುವಿನ ಬೂದುಬಣ್ಣಕ್ಕೆ ಐದನೆಯ ಸ್ಥಾನ ಕೊಡುವ ಈ ಪದ್ಧತಿಯಲ್ಲಿ, ಒಂದೊಂದು ಮೆಟ್ಟಿಲೂ ಹಿಂದಿನದರ ಎರಡರಷ್ಟು ಬೆಳಕನ್ನು ಸೂಚಿಸುತ್ತದೆ. ಬೆಳಕನ್ನು ಅಳೆಯುವ ಲೈಟ್ ಮೀಟರ್ ತಾನು ಕಂಡದ್ದೆಲ್ಲವನ್ನೂ ಐದನೆಯ ಮೆಟ್ಟಿಲಿಗೆ ತಂದು ನಿಲ್ಲಿಸುವುದರಿಂದ, ಅದನ್ನು ಕುರುಡಾಗಿ ನಂಬಿದರೆ ಹಾಲುಬಿಳುಪಿನ ಎತ್ತೂ ಬೂದಾಗುತ್ತದೆ, ಕರಿಕಲ್ಲಿನ ವಿಗ್ರಹವೂ ಬೂದಾಗುತ್ತದೆ. ಆದ್ದರಿಂದ ನೆರಳಿನ ಯಾವ ಭಾಗದಲ್ಲಿ ವಿವರ ಉಳಿಯಬೇಕೋ ಅದನ್ನು ಮೂರನೆಯ ಮೆಟ್ಟಿಲಿನಲ್ಲಿಟ್ಟು ಎಕ್ಸ್‌ಪೋಷರ್, ಅಂದರೆ ಫಿಲಂಗೆ ತಾಗಿಸುವ ಬೆಳಕಿನ ಪ್ರಮಾಣವನ್ನು ನಿಗದಿಪಡಿಸುತ್ತಾರೆ. ಬಿಳುಪಿನ ಕಡೆಯ ಛಾಯೆಗಳು ಡೆವಲಪರ್‌ನಲ್ಲಿ ಫಿಲಂ ಎಷ್ಟು ಹೊತ್ತಿತ್ತೆಂಬುದಕ್ಕೆ ಹೆಚ್ಚು ಮಣಿಯುವುದರಿಂದ ಅವುಗಳನ್ನು ಆ ಹಂತದಲ್ಲಿ ಹತೋಟಿಗೆ ತರುತ್ತಾರೆ.

ಈ ಪದ್ಧತಿ ಪುಸ್ತಕದ ಲೆಕ್ಕವಷ್ಟೇ ಅಲ್ಲವೆಂಬುದನ್ನು ಆ್ಯಡಮ್ಸ್ ಅವರ ಅತ್ಯಂತ ಪ್ರಸಿದ್ಧ ಚಿತ್ರವೇ ತೋರಿಸುತ್ತದೆ. ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏರುತ್ತಿರುವ ಆ ನೋಟ ಸೆರೆಯಾದದ್ದು 1941ರ ನವೆಂಬರ್ 1ರ ಇಳಿಹೊತ್ತಿನಲ್ಲಿ. ತಾರೀಕನ್ನು ಛಾಯಾಗ್ರಾಹಕರೇ ಬರೆದಿಟ್ಟಿರಲಿಲ್ಲವಾದ್ದರಿಂದ, ಚಿತ್ರದಲ್ಲಿನ ಚಂದ್ರನ ಸ್ಥಾನವನ್ನು ಹಿಡಿದು ಮುಂದೆ ಖಗೋಳಾಸಕ್ತರು ಅದನ್ನು ಲೆಕ್ಕಹಾಕಬೇಕಾಯಿತು. ಸ್ಮಶಾನದ ಶಿಲುಬೆಗಳ ಮೇಲಿದ್ದ ಸೂರ್ಯನ ಕೊನೆಯ ಬೆಳಕು ಜಾರುತ್ತಿತ್ತು, ಲೈಟ್ ಮೀಟರ್ ಕೈಗೆ ಸಿಗಲಿಲ್ಲ, ಆದರೆ ಚಂದ್ರನ ಹೊಳಪು ಚದರಡಿಗೆ 250 ಕ್ಯಾಂಡಲ್ ಎಂಬ ಅಂಕಿ ಅವರಿಗೆ ನೆನಪಿತ್ತು. ಚಂದ್ರನನ್ನು ಏಳನೆಯ ಮೆಟ್ಟಿಲಿನಲ್ಲಿಟ್ಟು ಮನಸ್ಸಿನಲ್ಲಿಯೇ ಗುಣಿಸಿ ಭಾಗಿಸಿ, ಗಾಢ ಹಳದಿ ಫಿಲ್ಟರಿನೊಡನೆ ಒಂದು ಸೆಕೆಂಡಿನ ಎಕ್ಸ್‌ಪೋಷರ್ ಕೊಟ್ಟರು. ಎಂಟು ಅಂಗುಲ ಅಗಲ, ಹತ್ತು ಅಂಗುಲ ಉದ್ದದ ಫಿಲಂನ ಹೋಲ್ಡರನ್ನು ತಿರುಗಿಸಿ ಇನ್ನೊಂದು ಚಿತ್ರ ತೆಗೆಯುವಷ್ಟರಲ್ಲಿ ಬೆಳಕು ಹೊರಟುಹೋಗಿತ್ತು. ಸಿಕ್ಕಿದ್ದು ಒಂದೇ ನೆಗೆಟಿವ್, ಅದೂ ಮುನ್ನೆಲೆಯಲ್ಲಿ ತೀರ ತೆಳುವಾದದ್ದು. 1948ರಲ್ಲಿ ಅವರು ನೆಗೆಟಿವ್‌ನ ಆ ಭಾಗವನ್ನಷ್ಟೇ ರಾಸಾಯನಿಕದಲ್ಲಿ ಅದ್ದಿ ದಟ್ಟವಾಗಿಸಿದರು, ಮತ್ತು ಮುಂದಿನ ದಶಕಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರಿಂಟುಗಳನ್ನು ತಮ್ಮ ಕೈಯಾರೆ ಮಾಡಿದರು. ಆರಂಭದ ಪ್ರಿಂಟುಗಳಲ್ಲಿ ಆಕಾಶ ತಿಳಿಯಾಗಿದ್ದು ಮೋಡದ ಎಳೆಗಳು ಕಾಣುತ್ತವೆ, ನಂತರದವುಗಳಲ್ಲಿ ಅದು ಹೆಚ್ಚುಕಡಿಮೆ ಕಾಡಿಗೆಯಷ್ಟು ಕಪ್ಪಾಗಿದೆ.

ಒಂದೇ ನೆಗೆಟಿವ್‌ನಿಂದ ಇಷ್ಟು ಭಿನ್ನವಾದ ಚಿತ್ರಗಳು ಬರುವುದು ಡಾರ್ಕ್‌ರೂಮಿನ ಕೆಲಸದಿಂದ. ಎನ್‌ಲಾರ್ಜರ್ ಎಂಬ ಉಪಕರಣ ನೆಗೆಟಿವ್‌ನ ನೆರಳನ್ನು ಹಿಗ್ಗಿಸಿ ಕಾಗದದ ಮೇಲೆ ಬೀಳಿಸುತ್ತಿರುವಾಗ, ಕೈಯನ್ನೋ ರಟ್ಟಿನ ತುಂಡನ್ನೋ ಅಡ್ಡ ಹಿಡಿದು ಒಂದು ಭಾಗಕ್ಕೆ ಬೆಳಕು ಕಡಿಮೆ ಮಾಡಿದರೆ ಅದು ತಿಳಿಯಾಗುತ್ತದೆ, ಇದಕ್ಕೆ ಡಾಡ್ಜಿಂಗ್ ಎನ್ನುತ್ತಾರೆ. ಇನ್ನೊಂದು ಭಾಗಕ್ಕೆ ಹೆಚ್ಚು ಹೊತ್ತು ಬೆಳಕು ಬಿಟ್ಟರೆ ಅದು ಗಾಢವಾಗುತ್ತದೆ, ಇದು ಬರ್ನಿಂಗ್. ಕಂಪ್ಯೂಟರಿನಲ್ಲಿ ಇದೇ ಹೆಸರಿನ ಸಾಧನಗಳಿವೆ ಮತ್ತು ಅವು ಹೆಚ್ಚು ನಿಖರವಾಗಿವೆ ಎಂಬುದನ್ನು ಒಪ್ಪಬೇಕು. ಆದರೆ ಕೈಯ ಚಲನೆಯಲ್ಲಿ ಮೂಡಿದ ಎರಡು ಪ್ರಿಂಟುಗಳು ಎಂದೂ ಪೂರ್ತಿ ಒಂದೇ ಆಗಲಾರವು, ಮತ್ತು ಪ್ರತಿಯೊಂದೂ ಒಂದು ವಾದ್ಯದ ಮೇಲೆ ಅದೇ ರಾಗವನ್ನು ಮತ್ತೊಮ್ಮೆ ನುಡಿಸಿದಂತೆ ಹೊಸ ತೀರ್ಮಾನವಾಗಿರುತ್ತದೆ.

ಈ ಕಲೆಯ ಇತಿಹಾಸದಲ್ಲಿ ಕರ್ನಾಟಕಕ್ಕೆ ಸಣ್ಣದಲ್ಲದ ಪಾಲಿದೆ. ಭಾರತದ ಛಾಯಾಗ್ರಹಣ ಸಂಘಗಳನ್ನು ಒಂದುಗೂಡಿಸಿದ ಫೆಡರೇಷನ್ ಆಫ್ ಇಂಡಿಯನ್ ಫೋಟೋಗ್ರಫಿಯನ್ನು 1953ರಲ್ಲಿ ಕಟ್ಟಿದವರು ಬೆಂಗಳೂರಿನ ಡಾ. ಜಿ. ಥಾಮಸ್. ಸಂಡೂರಿನ ರಾಜಮನೆತನದವರೂ 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರೂ ಆಗಿದ್ದ ಎಂ. ವೈ. ಘೋರ್ಪಡೆ ಅವರು ವನ್ಯಜೀವಿಗಳನ್ನು ಕಪ್ಪು-ಬಿಳುಪಿನಲ್ಲಿ ಚಿತ್ರಿಸಿದರು. ಬಣ್ಣವೇ ಮುಖ್ಯವೆಂದು ತೋರುವ ಈ ಪ್ರಕಾರದಲ್ಲಿ ಆನೆಯ ಚರ್ಮದ ಸುಕ್ಕು, ಮೇಲೆದ್ದ ಧೂಳು, ಕಾಡಿನೊಳಕ್ಕೆ ಓರೆಯಾಗಿ ಇಳಿಯುವ ಬಿಸಿಲುಗಳೇ ವಸ್ತುವಾಗಬಲ್ಲವೆಂದು ಅವರ ಚಿತ್ರಗಳು ಮನಗಾಣಿಸುತ್ತವೆ. ಮೈಸೂರಿನ ಟಿ. ಎಸ್. ಸತ್ಯನ್ ಅವರು ಹಿಡಿದದ್ದು ಬೇರೆ ದಾರಿ. ಸಿಡುಬು ನಿರ್ಮೂಲನದ ಕೆಲಸದಿಂದ ಹಿಡಿದು ಬೀದಿಯ ಮಕ್ಕಳ ಆಟದವರೆಗೆ ಅವರು ತೆಗೆದ ಚಿತ್ರಗಳಲ್ಲಿ ಬೆಳಕಿನ ಆಡಂಬರವಿಲ್ಲ, ನಡುವಣ ಬೂದುಬಣ್ಣಗಳೇ ಹೆಚ್ಚು, ಮತ್ತು ನೋಡುವವರ ಗಮನ ನೇರವಾಗಿ ಮುಖಗಳ ಮೇಲೆ ನಿಲ್ಲುತ್ತದೆ. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಚಲನಚಿತ್ರದ ಫಿಲಂ ಕೂಡ ಇದೇ ಬೆಳ್ಳಿಯ ಪದರವಾದ್ದರಿಂದ, ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ವಿ. ಕೆ. ಮೂರ್ತಿ ಅವರನ್ನೂ ಇಲ್ಲಿ ನೆನೆಯಬೇಕು. 1959ರ ‘ಕಾಗಜ್ ಕೆ ಫೂಲ್’ನಲ್ಲಿ ಅವರು ಹೊರಗಿನ ಬಿಸಿಲನ್ನು ಎರಡು ದೊಡ್ಡ ಕನ್ನಡಿಗಳ ಮೂಲಕ ಸ್ಟುಡಿಯೋದೊಳಕ್ಕೆ ತಂದು ಕತ್ತಲೆಯ ನಡುವೆ ನಿಲ್ಲಿಸಿದ ಬೆಳಕಿನ ಕಂಬ, ಬಣ್ಣವಿದ್ದಿದ್ದರೆ ಅಷ್ಟು ಗಟ್ಟಿಯಾಗಿ ಕಾಣುತ್ತಿತ್ತೆಂದು ನಂಬುವುದು ಕಷ್ಟ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ.

ಡಿಜಿಟಲ್ ತಂತ್ರಜ್ಞಾನ ಬಂದ ಮೇಲೆ ಫಿಲಂ ಉದ್ಯಮ ಬಹುತೇಕ ಕುಸಿಯಿತು. ಇಂಗ್ಲೆಂಡಿನ ಇಲ್ಫರ್ಡ್ 2004ರಲ್ಲಿ ದಿವಾಳಿಯ ಅಂಚಿಗೆ ಬಂದಾಗ ಅದರ ಕಪ್ಪು-ಬಿಳುಪು ವಿಭಾಗವನ್ನು ಅಲ್ಲಿಯ ವ್ಯವಸ್ಥಾಪಕರೇ ಕೊಂಡು ಹಾರ್ಮನ್ ಎಂಬ ಹೆಸರಿನಲ್ಲಿ ಉಳಿಸಿಕೊಂಡರು. ಕೊಡಾಕ್ 2012ರಲ್ಲಿ ದಿವಾಳಿ ರಕ್ಷಣೆ ಕೋರಿತು. ಹಾಗಿದ್ದೂ ಅದೇ ವರ್ಷ ನಿಲ್ಲಿಸಿದ್ದ ಟಿ-ಮ್ಯಾಕ್ಸ್ ಪಿ3200 ಎಂಬ ಅತಿವೇಗದ ಕಪ್ಪು-ಬಿಳುಪು ಫಿಲಂ 2018ರಲ್ಲಿ ಮತ್ತೆ ಬಂತು, ಫ್ಯೂಜಿ ಸಂಸ್ಥೆ ಕೈಬಿಟ್ಟಿದ್ದ ಆಕ್ರಾಸ್ ಮರುವರ್ಷ ಹೊಸ ರೂಪದಲ್ಲಿ ಮರಳಿತು, ಮತ್ತು 35 ಮಿ.ಮೀ. ಅಳತೆಯಲ್ಲಿ 1954ರಿಂದ ಸಿಗುತ್ತಿರುವ ಟ್ರೈ-ಎಕ್ಸ್ ಇಂದಿಗೂ ತಯಾರಾಗುತ್ತಿದೆ. ಬ್ರೆಜಿಲ್‌ನ ಸೆಬಾಸ್ಟಿಯೊ ಸಲ್ಗಾಡೊ ತಮ್ಮ ‘ಜೆನೆಸಿಸ್’ ಯೋಜನೆಯ ನಡುವೆ ಡಿಜಿಟಲ್ ಕ್ಯಾಮೆರಾಕ್ಕೆ ಹೊರಳಿದಾಗಲೂ ಟ್ರೈ-ಎಕ್ಸ್‌ನ ಛಾಯೆಯನ್ನೂ ಕಣಗಳನ್ನೂ ತಂತ್ರಾಂಶದ ಮೂಲಕ ಮರಳಿ ತಂದುಕೊಂಡದ್ದು ಆ ಫಿಲಂಗಿದ್ದ ಮನ್ನಣೆಗೆ ಸಾಕ್ಷಿ. ನಮ್ಮ ನೆರೆಯ ಊಟಿಯಲ್ಲಿ ಮಾತ್ರ ಕಥೆ ಬೇರೆಯಾಯಿತು. ಅಲ್ಲಿಯ ತಂಪು, ಧೂಳಿಲ್ಲದ ಹವೆಗೆಂದು 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಎಂಬ ಹೆಸರಿನಲ್ಲಿ ಕಪ್ಪು-ಬಿಳುಪು ಫಿಲಂ, ಕಾಗದಗಳನ್ನು ದೇಶಕ್ಕೆಲ್ಲ ಒದಗಿಸಿ ಕೊನೆಗೆ ಬಾಗಿಲು ಮುಚ್ಚಿತು. ಅದರೊಡನೆ ದೇಶದೊಳಗೇ ತಯಾರಾದ ರೋಲನ್ನು ಕೈಗೆಟುಕುವ ಬೆಲೆಗೆ ಕೊಳ್ಳುವ ಅವಕಾಶವೂ ಹೋಯಿತು, ಇದು ನಿಜಕ್ಕೂ ದುಃಖದ ಸಂಗತಿ.

ಆದರೂ ಕಪ್ಪು-ಬಿಳುಪು ಫಿಲಂ ಉಳಿದಿರುವುದಕ್ಕೆ ಇನ್ನೊಂದು ಬಲವಾದ ಕಾರಣವಿದೆ: ಅದನ್ನು ಸಂಸ್ಕರಿಸಲು ಯಾವ ಲ್ಯಾಬಿನ ಹಂಗೂ ಬೇಕಾಗಿಲ್ಲ. ಬಣ್ಣದ ನೆಗೆಟಿವ್‌ಗೆ 38 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ, ಕಾಲು ಡಿಗ್ರಿಯೂ ಅತ್ತಿತ್ತ ಆಗದಂತಹ ದ್ರಾವಣ ಬೇಕು, ಮತ್ತು ಅದರಲ್ಲಿ ಕೊನೆಗೆ ಉಳಿಯುವ ವರ್ಣದ್ರವ್ಯ ಕತ್ತಲಲ್ಲಿಟ್ಟರೂ ನಿಧಾನವಾಗಿ ಮಾಸುತ್ತದೆ. ಚೆನ್ನಾಗಿ ತೊಳೆದ ಬೆಳ್ಳಿಯ ಬಿಂಬಕ್ಕೆ ಈ ತೊಂದರೆಯಿಲ್ಲ. 1920ರ ದಶಕದಿಂದ ಬಳಕೆಯಲ್ಲಿರುವ ಡಿ-76 ಎಂಬ ಡೆವಲಪರ್‌ನ ಪಾಕ ಎಲ್ಲರಿಗೂ ತಿಳಿದದ್ದು: ಒಂದು ಲೀಟರಿಗೆ 2 ಗ್ರಾಂ ಮೆಟಾಲ್, 100 ಗ್ರಾಂ ಸೋಡಿಯಂ ಸಲ್ಫೈಟ್, 5 ಗ್ರಾಂ ಹೈಡ್ರೋಕ್ವಿನೋನ್, 2 ಗ್ರಾಂ ಬೋರಾಕ್ಸ್. ನೂರು ಅಡಿಯ ದೊಡ್ಡ ಸುರುಳಿಯನ್ನು ಕೊಂಡು ಕತ್ತಲಲ್ಲಿ ಕತ್ತರಿಸಿ ತುಂಬಿಕೊಂಡರೆ 36 ಚಿತ್ರಗಳ ಸುಮಾರು ಹದಿನೆಂಟು ರೋಲುಗಳಾಗುತ್ತವೆ, ಖರ್ಚೂ ಅಷ್ಟರಮಟ್ಟಿಗೆ ಇಳಿಯುತ್ತದೆ. ಬೆಳಕು ನುಸುಳದ ಒಂದು ಡಬ್ಬಿ, ಥರ್ಮಾಮೀಟರ್, ಗಡಿಯಾರಗಳಿದ್ದರೆ ಮನೆಯ ಬಚ್ಚಲೇ ಸಾಕು. ಪುಸ್ತಕಗಳಲ್ಲಿ ಕೊಟ್ಟಿರುವ ಸಮಯ ಸಾಮಾನ್ಯವಾಗಿ 20 ಡಿಗ್ರಿಗೆ ಸಂಬಂಧಿಸಿದ್ದಾದ್ದರಿಂದ, ಬೇಸಿಗೆಯಲ್ಲಿ ನಲ್ಲಿಯ ನೀರು ಬೆಚ್ಚಗೆ ಬರುವ ನಮ್ಮ ಊರುಗಳಲ್ಲಿ ದ್ರಾವಣದ ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟು ತಣಿಸಿಕೊಳ್ಳಬೇಕು, ಇಲ್ಲವೇ ಸಮಯ ಕಡಿತಗೊಳಿಸಿ 20 ಡಿಗ್ರಿಯ ಹತ್ತು ನಿಮಿಷವನ್ನು 24 ಡಿಗ್ರಿಯಲ್ಲಿ ಸುಮಾರು ಏಳು ನಿಮಿಷಕ್ಕೆ ಇಳಿಸಬೇಕು. ಐದು ನಿಮಿಷಕ್ಕಿಂತ ಕೆಳಗಿಳಿದರೆ ಫಿಲಂ ಎಲ್ಲೆಡೆ ಸಮನಾಗಿ ಡೆವಲಪ್ ಆಗುವ ಭರವಸೆ ಇರುವುದಿಲ್ಲವಾದ್ದರಿಂದ, ಏಪ್ರಿಲ್ ತಿಂಗಳ ಕಲಬುರ್ಗಿಯಲ್ಲೋ ರಾಯಚೂರಿನಲ್ಲೋ ಮಂಜುಗಡ್ಡೆಯ ದಾರಿಯೇ ಸರಿ.