ಚಳಿಯ ಮುಂಜಾನೆ ಲಾರಿ ಚಾಲೂ ಆಗದಿದ್ದರೆ

ಬೋರಗಾಂವದ ಕಡೆ ಕಬ್ಬಿನ ಹಂಗಾಮು, ಚಳಿ ಎರಡೂ ಕೂಡಿಯೇ ಬರುತ್ತವೆ. ಕಡಿದ ಕಬ್ಬು ಲಾರಿಯಲ್ಲೇ ಒಣಗಿದರೆ ತೂಕ ಹೋಗುವುದು ರೈತನದೇ.

ಡೀಸೆಲ್ ಇಂಜಿನಿಗೆ ಕಿಡಿ ಇಲ್ಲ. ಒತ್ತಿದ ಗಾಳಿಯ ಕಾವಿನಿಂದಲೇ ಡೀಸೆಲ್ ಹೊತ್ತಬೇಕು. ಇಂಜಿನ್ ನಿಧಾನ ತಿರುಗಿದರೆ ಆ ಕಾವು ಹುಟ್ಟದು. ಬ್ಯಾಟರಿಯನ್ನೂ ಅದರ ತುದಿಗಳ ಕಿಲುಬನ್ನೂ ಮೊದಲು ನೋಡಿರಿ. ಚಳಿಗೆ ದಪ್ಪಗಾದ ಆಯಿಲ್ ಕೂಡ ತಿರುಗಗೊಡದು. ಚೆನ್ನಾಗಿ ತಿರುಗಿಯೂ ಹೊಗೆಯೇ ಬಾರದಿದ್ದರೆ ಡೀಸೆಲ್ ತಲುಪಿಲ್ಲ: ಫಿಲ್ಟರ್ ಕಟ್ಟಿರಬಹುದು, ಇಲ್ಲವೆ ನಳಿಗೆಯಲ್ಲಿ ಗಾಳಿ ಸೇರಿರಬಹುದು. ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಹೊತ್ತುತ್ತಿಲ್ಲ. ಹೀಟರ್ ಇದ್ದರೆ ಅದು ಕೆಟ್ಟಿರಬಹುದು, ಪಿಸ್ಟನ್ ಉಂಗುರ ಸವೆದು ಒತ್ತಡ ತಗ್ಗಿರಬಹುದು.

ಲಡಾಖಿನಂತೆ ನಮ್ಮ ಚಳಿಗೆ ಡೀಸೆಲ್ ಹೆಪ್ಪುಗಟ್ಟುವುದಿಲ್ಲ. ಟ್ಯಾಂಕಿನ ಕೆಳಗೆ ಬೆಂಕಿ ಹಾಕುವುದು ವ್ಯರ್ಥವಷ್ಟೇ ಅಲ್ಲ, ಪ್ರಾಣಕ್ಕೇ ಅಪಾಯ. ಸ್ಟಾರ್ಟರನ್ನು 10–15 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿರಿ. ನಡುವೆ ಒಂದು ನಿಮಿಷ ಬಿಡಿರಿ.